ಗೋಡೆ ಬದಿಯ ಎರಡಡಿಯಲ್ಲಿ ಬೆಟ್ಟ ಹತ್ತುವ ಸ್ಲಾಟ್ ಕಾರು

ಸ್ಲಾಟ್ ಕಾರು ಎಂದರೆ ಸ್ಟೇರಿಂಗ್ ಇಲ್ಲದ ಆಟಿಕೆ ಕಾರು. ಟ್ರ್ಯಾಕಿನ ಉದ್ದಕ್ಕೂ ಒಂದು ಸಣ್ಣ ಸೀಳು ಇರುತ್ತದೆ. ಕಾರಿನ ಮೂತಿಯ ಕೆಳಗಿನ ಗೈಡ್ ಆ ಸೀಳಿನೊಳಗೆ ಇಳಿದು ಕೂರುತ್ತದೆ. ಸೀಳಿನ ಎರಡೂ ಮಗ್ಗುಲಿನ ಲೋಹದ ಪಟ್ಟಿಯಿಂದ ಮೋಟರಿಗೆ ಕರೆಂಟು ಸಿಗುತ್ತದೆ. ಆಡುವವರ ಕೈಯಲ್ಲಿರುವುದು ಟ್ರಿಗರ್ ಮಾತ್ರ. ಒತ್ತಿದಷ್ಟೂ ವೇಗ, ತಿರುವಿನಲ್ಲಿ ಮಿತಿಮೀರಿ ಒತ್ತಿದರೆ ಕಾರು ನೆಲ ಸೇರುತ್ತದೆ. 1957ರಲ್ಲಿ ಬ್ರಿಟನ್ನಿನಲ್ಲಿ ಸ್ಕೇಲೆಕ್ಸ್‌ಟ್ರಿಕ್ ಬಂದಾಗಿನಿಂದ ಆಟದ ಮೂಲ ಸ್ವರೂಪ ಹೆಚ್ಚೇನೂ ಬದಲಾಗಿಲ್ಲ: ಎರಡು ಲೇನು, ಸುತ್ತು ಹೊಡೆಯುವ ಟ್ರ್ಯಾಕು, ಪಕ್ಕಪಕ್ಕದಲ್ಲಿ ಪೈಪೋಟಿ. ನೆಟ್ಟಗೆ ಹಾಸಬೇಕೆಂದರೆ ಹಾಲ್‌ನ ನೆಲವೆಲ್ಲ ಬೇಕು. ಫ್ಲಾಟುಗಳಲ್ಲಿ ಇದರ ಗತಿ ಗೊತ್ತೇ ಇದೆ. ಎರಡು ಭಾನುವಾರ ಆಡಿ, ಬಿಚ್ಚಿ, ಡಬ್ಬಿಗೆ ಹಾಕಿ ಮಂಚದಡಿ ತಳ್ಳಿದರೆ ಮತ್ತೆ ಹೊರಬರುವುದಿಲ್ಲ.

ಜಾಗವಿಲ್ಲದವರು ಸುತ್ತು ಹೊಡೆಯುವ ಆಸೆಯನ್ನೇ ಬಿಟ್ಟು ಬೆಟ್ಟ ಹತ್ತಬೇಕು ಎನ್ನುವುದು ನನ್ನ ವಾದ. ಹಿಲ್ ಕ್ಲೈಂಬ್ ರೇಸಿನಲ್ಲಿ ಕಾರುಗಳು ಒಂದೊಂದಾಗಿ ಹೊರಡುತ್ತವೆ, ಪೈಪೋಟಿ ಗಡಿಯಾರದೊಂದಿಗೆ. ಕೆಳಗೆ ಶುರು, ಮೇಲೆ ಮುಕ್ತಾಯ. ಹಾಗಾಗಿ ಒಂದೇ ಲೇನು ಸಾಕು. ತಿರುಗಿ ಹೊರಟಲ್ಲಿಗೇ ಬಂದು ಸೇರಬೇಕಿಲ್ಲ. ನೆಲದ ಅಗಲ ಬೇಡ, ಗೋಡೆಯ ಎತ್ತರ ಬಳಸಿಕೊಂಡರಾಯಿತು.

ಅಳತೆ ಮೊದಲು

ಇಂಗ್ಲೆಂಡಿನ ಶೆಲ್ಸ್‌ಲಿ ವಾಲ್ಶ್‌ನಲ್ಲಿ 1905ರಿಂದ ಹಿಲ್ ಕ್ಲೈಂಬ್ ನಡೆಯುತ್ತಿದೆ. ಹಾದಿಯ ಉದ್ದ ಸಾವಿರ ಗಜ, ಅಂದರೆ 914 ಮೀಟರ್. ಏರಿಕೆ ಸುಮಾರು 100 ಮೀಟರ್. ಅಮೆರಿಕದ ಪೈಕ್ಸ್ ಪೀಕ್ ಇದಕ್ಕಿಂತ ಎಷ್ಟೋ ದೊಡ್ಡದು. ಹತ್ತಿರಹತ್ತಿರ 20 ಕಿಲೋಮೀಟರ್ ಉದ್ದ, 156 ತಿರುವು. ಕಾರುಗಳಲ್ಲಿ ಮನೆಗೆ ಹೊಂದುವುದು 1/32 ಅಳತೆಯವು, ಅಂದರೆ ನಿಜವಾದ ಕಾರಿನ 32ರಲ್ಲಿ ಒಂದು ಪಾಲಿನ, ಅಂಗೈಗಿಂತ ತುಸು ಉದ್ದದವು. ಆ ಲೆಕ್ಕದಲ್ಲಿ ಪೈಕ್ಸ್ ಪೀಕ್ ಕಟ್ಟಲು 600 ಮೀಟರಿಗೂ ಹೆಚ್ಚು ಟ್ರ್ಯಾಕು ಬೇಕು, ಆ ಮಾತು ಬಿಡಿ. ಶೆಲ್ಸ್‌ಲಿಗೂ 28 ಮೀಟರ್ ಬೇಕಾಗುತ್ತದೆ. ಅದರ ಕಾಲುಭಾಗ, ಅಂದರೆ ಏಳು ಮೀಟರ್ ಚಿಲ್ಲರೆ, 8 ಅಡಿ ಉದ್ದ 2 ಅಡಿ ಅಗಲದ ಹಲಗೆಯ ಮೇಲೆ ಕೂರುತ್ತದೆ. ಇಲ್ಲಿ ಹೇಳುತ್ತಿರುವುದು ಆ ಟ್ರ್ಯಾಕಿನ ವಿಷಯ. ರೂಪ ಮಾತ್ರ ಶೆಲ್ಸ್‌ಲಿಯದಲ್ಲ, ನಮ್ಮ ಘಾಟಿಯದು. ಆಗುಂಬೆಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಎರಡನ್ನು ಎರವಲು ಪಡೆದಿದ್ದೇವೆ ಎಂದುಕೊಳ್ಳಿ.

ಹಲಗೆಯ ಉದ್ದಕ್ಕೆ ಮೂರು ಓಟದ ಸಾಲು. ಮುಂದಿನದು ತಗ್ಗಿನಲ್ಲಿ, ನಡುವಿನದು ಅದಕ್ಕಿಂತ ಮೇಲೆ, ಗೋಡೆಗೆ ತಾಗಿದ್ದು ಎಲ್ಲಕ್ಕಿಂತ ಮೇಲೆ. ದಸರಾ ಗೊಂಬೆ ಕೂರಿಸುವ ಮೆಟ್ಟಿಲಿನ ಹಾಗೆ. ಮೊದಲ ಸಾಲಿನ ಬಲತುದಿಯಲ್ಲಿ ಒಂದು ಹಿಮ್ಮುರಿ ತಿರುವು, ಎರಡನೆಯದರ ಎಡತುದಿಯಲ್ಲಿ ಇನ್ನೊಂದು. ಒಂದು ಎಡಕ್ಕೆ, ಒಂದು ಬಲಕ್ಕೆ. ಸುರುಳಿಯಾಗಿ ಮೇಲಕ್ಕೆ ಹತ್ತಿಸಿದರೆ ಇನ್ನೂ ಉದ್ದ ಸಿಗುತ್ತದೆ ನಿಜ, ಆದರೆ ಎಲ್ಲ ತಿರುವೂ ಒಂದೇ ಕಡೆಗಾಗಿ ಬೇಗ ಬೇಜಾರು ಬರುತ್ತದೆ.

ಪೇಚಿರುವುದು ತಿರುವಿನಲ್ಲಿ. 15 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದರೆ 1/32 ಕಾರು ತಿಣುಕುತ್ತದೆ. 15 ಎಂದರೆ ಸಾಲುಗಳ ನಡುವೆ 30 ಸೆಂಟಿಮೀಟರ್ ಅಂತರ ಬೇಕು, ಆಗ ಎರಡಡಿಯಲ್ಲಿ ಮೂರು ಸಾಲು ಹಿಡಿಸುವುದಿಲ್ಲ. ಪರಿಹಾರವೆಂದರೆ ತಿರುವನ್ನು ನೀರಿನ ಹನಿಯ ಆಕಾರದಲ್ಲಿ ಬರೆಯುವುದು. ಸಾಲುಗಳನ್ನು 20 ಸೆಂಟಿಮೀಟರ್ ಅಂತರದಲ್ಲೇ ಇಟ್ಟು, ತುದಿಗೆ ಬಂದಾಗ ಹಾದಿ ಮೊದಲು ತುಸು ಹೊರಕ್ಕೆ ವಾಲಿ, ಆಮೇಲೆ ಒಳಕ್ಕೆ ಸುತ್ತಿಕೊಳ್ಳಲಿ. ಸೀಳಿನ ಗೆರೆಗಳು ಮುಂದಿನ ಅಂಚಿನಿಂದ 10, 30, 50 ಸೆಂಟಿಮೀಟರಿಗೆ ಬರುತ್ತವೆ. ಬಲತುದಿಯ ತಿರುವು ಮುಂಭಾಗಕ್ಕೆ, ಎಡತುದಿಯದು ಹಿಂಭಾಗಕ್ಕೆ ಉಬ್ಬುವುದರಿಂದ ಒಂದಕ್ಕೊಂದು ಅಡ್ಡಬರುವುದಿಲ್ಲ. ಹೊರಕ್ಕೆ ವಾಲುವ ಆ ಸಣ್ಣ ಬಾಗು ಓಡಿಸುವಾಗ ಮಜಾ ಕೊಡುತ್ತದೆ: ಕಾರಿನ ಹಿಂಭಾಗ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.

ರಸ್ತೆಯ ಅಗಲ 10 ಸೆಂಟಿಮೀಟರ್, ಸೀಳಿನ ಎರಡೂ ಬದಿಗೆ ಐದೈದು. ತಿರುವಿನ ಒಳಮಗ್ಗುಲಿಗೆ ಮಾತ್ರ ಇಷ್ಟು ಸಾಲದು. ನಿಧಾನವಾಗಿ ತಿರುಗುವ ಕಾರಿನ ಹಿಂಗಾಲಿ ಗೈಡಿನ ಹಾದಿ ಹಿಡಿಯದೆ ಒಳಗಿನಿಂದ ಅಡ್ಡಹಾಯುತ್ತದೆ. ಲಾರಿ ತಿರುಗುವುದನ್ನು ನೋಡಿದವರಿಗೆ ಇದು ಗೊತ್ತು. ಈ ತ್ರಿಜ್ಯದಲ್ಲಿ ಹಿಂದಿನ ಆಕ್ಸಲ್ಲಿನ ನಡುಭಾಗವೇ ಸೀಳಿನಿಂದ ಮೂರು ಸೆಂಟಿಮೀಟರಿಗೂ ಹೆಚ್ಚು ಒಳಕ್ಕೆ ಸರಿಯುತ್ತದೆ. ಒಳಗಾಲಿಗೆ ಸೀಳಿನಿಂದ ಏಳು ಸೆಂಟಿಮೀಟರಾದರೂ ನೆಲ ಇರಲಿ.

ಹಲಗೆ, ಸೀಳು

8x4 ಅಡಿಯ 12 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಒಂದು ಶೀಟು ಸಾಕು. ಶೀಟು ಸುಮಾರು 25 ಕಿಲೋ ತೂಗುತ್ತದೆ, ಹಾಗಾಗಿ ಅಂಗಡಿಯಲ್ಲೇ ಉದ್ದಕ್ಕೆ ಎರಡಾಗಿ ಸೀಳಿಸಿಕೊಂಡು ಬನ್ನಿ. ಅರ್ಧ ತಳಕ್ಕೆ, ಅರ್ಧ ರಸ್ತೆಗೆ.

ಬೆಟ್ಟ ಕಟ್ಟಿ ಆಮೇಲೆ ಅದರ ಮೇಲೆ ಸೀಳು ಕೊರೆಯಲು ಹೋಗಬೇಡಿ. ಹಲಗೆ ಮಟ್ಟಸವಾಗಿರುವಾಗಲೇ ಪೂರ್ತಿ ಹಾದಿಯ ಸೀಳು ಕೊರೆದು, ಬಳಿಕ ರಸ್ತೆಯ ಅಂಚು ಹಿಡಿದು ಜಿಗ್‌ಸಾದಲ್ಲಿ ಕತ್ತರಿಸಿ, ಸಿಕ್ಕ ಪಟ್ಟಿಯನ್ನು ಮೇಲಕ್ಕೆತ್ತಿ ಕೂರಿಸಬೇಕು. ಇಳಿಜಾರಿಗೆ ಎತ್ತಿದಾಗ ಉದ್ದ ಕಡಿಮೆಯಾದೀತೆಂಬ ಭಯ ಬೇಡ. ಈ ಏರಿನಲ್ಲಿ ವ್ಯತ್ಯಾಸ ಮೀಟರಿಗೆ ಎರಡೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಸೀಳು 3 ಎಂಎಂ ಅಗಲ, 7 ಎಂಎಂ ಆಳ. ಬಡಗಿಗಳು ಗಾಡಿ ಕೊರೆಯಲು ಬಳಸುವ ಟ್ರಿಮ್ಮರ್ ಮಷಿನ್ ಇದ್ದರೆ ನೀವೇ ಕೊರೆಯಬಹುದು. ಒಂದು ಪ್ಲೈವುಡ್ ಪಟ್ಟಿಯನ್ನು ಮಷಿನ್ನಿನ ತಳಕ್ಕೆ ಬಿಗಿದು, ಬಿಟ್‌ನಿಂದ ಸರಿಯಾಗಿ 15 ಸೆಂಟಿಮೀಟರ್ ದೂರಕ್ಕೆ ಮೊಳೆ ಹೊಡೆದರೆ ಅದೇ ಕೈವಾರ. ಮೊದಲು ತಿರುವು, ಆಮೇಲೆ ಅಲ್ಯೂಮಿನಿಯಂ ಪಟ್ಟಿ ಆನಿಸಿ ನೇರ ಸಾಲು. ಒಂದೇ ಸಲಕ್ಕೆ ಆಳಕ್ಕಿಳಿಸಿದರೆ 3 ಎಂಎಂ ಬಿಟ್ ಮುರಿಯುತ್ತದೆ. ಎರಡು ಸುತ್ತಿನಲ್ಲಿ ಮುಗಿಸಿ. ಎಂಡಿಎಫ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಕಡ್ಡಾಯ.

ನನ್ನನ್ನು ಕೇಳಿದರೆ ಈ ಕೆಲಸವನ್ನು ಸಿಎನ್‌ಸಿ ಅಂಗಡಿಗೆ ಕೊಡಿ ಎನ್ನುತ್ತೇನೆ. ದೇವರಮನೆ ಬಾಗಿಲಿಗೆ ಜಾಲಿ ಡಿಸೈನ್ ಕತ್ತರಿಸಿಕೊಡುವ ಅಂಗಡಿ ಈಗ ತಾಲ್ಲೂಕು ಊರುಗಳಲ್ಲೂ ಇದೆ. ಕಂಪ್ಯೂಟರಿನಲ್ಲಿ ಬರೆದ ಡಿಎಕ್ಸ್‌ಎಫ್ ಫೈಲು ಕೊಟ್ಟರೆ ಸೀಳು, ಅಂಚು ಎರಡನ್ನೂ ಒಟ್ಟಿಗೇ ಮುಗಿಸಿಕೊಡುತ್ತಾರೆ. ಸೀಳು ಆರುಪಾರಾಗಿ ಕೊರೆಯುವುದಲ್ಲ, 7 ಎಂಎಂ ಆಳ ಮಾತ್ರ ಎಂದು ಎರಡು ಸಲ ಹೇಳಿ. ಜಾಲಿ ಕತ್ತರಿಸುವ ಕೈಗೆ ಆರುಪಾರೇ ರೂಢಿ.

ಏರು

ಉಳಿದ ತುಂಡುಗಳಿಂದ ಕಂಬ ಮಾಡಿ, ಸುಮಾರು ಒಂದು ಅಡಿಗೊಂದರಂತೆ ಕೊಡಿ. ನೇರ ಸಾಲಿನಲ್ಲಿ ನೂರಕ್ಕೆ ಏಳು, ತಿರುವಿನಲ್ಲಿ ನೂರಕ್ಕೆ ಮೂರು ಏರು ಹಿತವಾಗಿರುತ್ತದೆ. ತಿರುವಿನಲ್ಲೂ ಕಡಿದಾಗಿಸಿದರೆ ವೇಗ ಕಳೆದುಕೊಂಡ ಕಾರು ಅಲ್ಲೇ ಚಕ್ರ ತಿರುಗಿಸುತ್ತ ನಿಲ್ಲುತ್ತದೆ. ಶುರುವಿನಲ್ಲಿ 30, ಕೊನೆಯಲ್ಲಿ 40 ಸೆಂಟಿಮೀಟರ್ ಮಟ್ಟಸ. ಹೀಗೆ ಇಟ್ಟರೆ ಮೊದಲ ತಿರುವು ಶುರುವಾಗುವಲ್ಲಿ ಎತ್ತರ 12 ಸೆಂಟಿಮೀಟರ್, ಮುಗಿಯುವಲ್ಲಿ 14. ಎರಡನೆಯದು 26ಕ್ಕೆ ಶುರುವಾಗಿ 28 ದಾಟಿ ಮುಗಿಯುತ್ತದೆ. ತುದಿಯಲ್ಲಿ ಸುಮಾರು 40.

ಮಟ್ಟಸದಿಂದ ಏರಿಗೆ, ಏರಿನಿಂದ ಮಟ್ಟಸಕ್ಕೆ ಬದಲಾಗುವ ಜಾಗ ಬಹಳ ಸೂಕ್ಷ್ಮ. ಅಲ್ಲಿ ಮೂಲೆ ಉಳಿದರೆ ಬುಡದಲ್ಲಿ ಕಾರಿನ ಮೂತಿ ಉಜ್ಜುತ್ತದೆ, ತಲೆಯಲ್ಲಿ ಗೈಡ್ ಸೀಳಿನಿಂದ ಮೇಲೆದ್ದುಬಿಡುತ್ತದೆ. ಬದಲಾವಣೆ 40-50 ಸೆಂಟಿಮೀಟರ್ ಉದ್ದಕ್ಕೆ ಹರಡಿರಲಿ. ಇದಕ್ಕೆ ಲೆಕ್ಕಾಚಾರವೇನೂ ಬೇಡ. ಬಾಗುವ ಜಾಗದಲ್ಲಿ ಸ್ಕ್ರೂ ಹಾಕಬೇಡಿ. ಆಚೆ ಈಚೆ ಬಿಗಿದು ನಡುವೆ ಸಡಿಲ ಬಿಟ್ಟರೆ ಎಂಡಿಎಫ್ ತಾನಾಗಿಯೇ ಒಳ್ಳೆಯ ಬಾಗು ಹುಡುಕಿಕೊಳ್ಳುತ್ತದೆ. ಆಮೇಲೆ ಅಡಿಗೆ ಆಸರೆ ಕೊಟ್ಟು ಫೆವಿಕಾಲ್ ಹಾಕಿ.

ತಾಮ್ರ, ಕರೆಂಟು

ಮೇಲ್ಮೈಗೆ ನುಣ್ಣನೆಯ ಉಪ್ಪುಕಾಗದ ತಿಕ್ಕಿ, ಹೊಳಪಿಲ್ಲದ ಬೂದು ಬಣ್ಣ ಬಳಿಯಿರಿ. ಹೊಳಪು ಬಣ್ಣದ ಮೇಲೆ ಟೈರು ಜಾರುತ್ತದೆ. ಬಣ್ಣ ಪೂರ್ತಿ ಒಣಗಿದ ಮೇಲೆ ಸೀಳಿನ ಎರಡೂ ಬದಿಗೆ 5 ಅಥವಾ 6 ಎಂಎಂ ಅಗಲದ ಅಂಟಿನ ತಾಮ್ರದ ಟೇಪು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಉಳಿದವರು ಆನ್‌ಲೈನಿನಲ್ಲಿ ತರಿಸಬಹುದು. ಸೀಳಿನ ಅಂಚಿನಿಂದ ಒಂದು ಮಿಲಿಮೀಟರ್ ಬಿಟ್ಟು ಅಂಟಿಸಿ. ತಿರುವಿನಲ್ಲಿ ಟೇಪಿನ ಒಳ ಅಂಚು ಸುಕ್ಕುಗಟ್ಟುತ್ತದೆ. ಬೆರಳಿನಿಂದ ಸ್ವಲ್ಪಸ್ವಲ್ಪವೇ ಒತ್ತುತ್ತ ಹೋಗಿ, ಚಮಚದ ಬೆನ್ನಿನಿಂದ ಉಜ್ಜಿದರೆ ಸುಕ್ಕು ಕೂರುತ್ತದೆ. ಟೇಪು ಮುಗಿದು ಜೋಡಿಸಬೇಕಾದರೆ ಒಂದರ ಮೇಲೊಂದು ಅಂಟಿಸಿ ಬಿಡಬೇಡಿ, ಬೆಸುಗೆ ಹಾಕಿ. ಎಲ್ಲ ಟೇಪಿನ ಅಂಟಿನಲ್ಲೂ ಕರೆಂಟು ಹರಿಯುವುದಿಲ್ಲ.

ಸಿಸಿಟಿವಿ ಕ್ಯಾಮೆರಾಕ್ಕೆ ಬಳಸುವ 12 ವೋಲ್ಟ್, 2 ಆಂಪ್ ಅಡಾಪ್ಟರ್ ಈ ಕೆಲಸಕ್ಕೆ ಸಾಕು. ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ತರಬೇಡಿ, ಮೋಟರು ಸುಡುತ್ತದೆ. ತಾಮ್ರದ ಟೇಪು ತೆಳು; ಉದ್ದ ಹೆಚ್ಚಿದಷ್ಟೂ ವೋಲ್ಟೇಜು ಇಳಿಯುತ್ತದೆ, ಅದೂ ಕಾರಿಗೆ ಶಕ್ತಿ ಬೇಕಾದ ಮೇಲಿನ ಸಾಲಿನಲ್ಲೇ. ಎರಡು ಮೀಟರಿಗೊಮ್ಮೆ ಅಡಿಯಿಂದ ವೈರು ತಂದು ಟೇಪಿಗೆ ಬೆಸೆಯಿರಿ. ಕಂಟ್ರೋಲರು, ಅಂದರೆ ಟ್ರಿಗರ್ ಇರುವ ಹಿಡಿ, ಹಳೆಯ ಸೆಟ್ಟಿನದೇ ನಡೆಯುತ್ತದೆ. ಟ್ರಿಗರ್ ಬಿಟ್ಟಾಗ ಮೋಟರನ್ನು ತಡೆಯುವ ಬ್ರೇಕ್ ವೈರ್ ಇಲ್ಲದ ಅಗ್ಗದ ಕಂಟ್ರೋಲರಿಗೆ ಸುತ್ತು ಹೊಡೆಯುವ ಟ್ರ್ಯಾಕಿನಲ್ಲಿ ಮರ್ಯಾದೆಯಿಲ್ಲ, ಇಲ್ಲಿ ಟ್ರಿಗರ್ ಬಿಟ್ಟರೆ ಏರೇ ಬ್ರೇಕು.

ಮುಕ್ತಾಯದ ಗೆರೆ ದಾಟಿದ ಕಾರು ಗೋಡೆಗೆ ಗುದ್ದಬಾರದಲ್ಲ? ಕೊನೆಯ ಮಟ್ಟಸದ ತುಂಡಿನ ಟೇಪನ್ನು ಉಳಿದ ಟ್ರ್ಯಾಕಿನಿಂದ ಕತ್ತರಿಸಿ, ಅಲ್ಲಿನ ಎಡ-ಬಲ ಟೇಪುಗಳನ್ನು ಒಂದು ವೈರಿನಿಂದ ಪರಸ್ಪರ ಕೂಡಿಸಿ. ಆ ತುಂಡಿಗೆ ಬಂದ ಕೂಡಲೇ ಮೋಟರಿನ ಎರಡೂ ತುದಿ ಕೂಡಿಕೊಂಡು ಅದೇ ಬ್ರೇಕಾಗುತ್ತದೆ. ಕತ್ತರಿಸಿದ ಸಂದು ನಾಲ್ಕು ಸೆಂಟಿಮೀಟರಾದರೂ ಇರಲಿ. ಕಡಿಮೆಯಾದರೆ ಟೇಪಿನಿಂದ ಕರೆಂಟು ಪಡೆಯುವ ಕಾರಿನಡಿಯ ತಂತಿಕುಚ್ಚು ಎರಡೂ ಕಡೆಯನ್ನು ಒಟ್ಟಿಗೆ ಮುಟ್ಟಿ ಶಾರ್ಟ್ ಆಗುತ್ತದೆ. ತುದಿಗೊಂದು ಸ್ಪಂಜು ಇಡಿ.

ಇಳಿಯುವುದು ಹೇಗೆ? ಕಾರನ್ನು ಕೈಯಲ್ಲೆತ್ತಿ ಕೆಳಗೆ ತರುವುದು ಸುಲಭ. ಓಡಿಸಿಕೊಂಡೇ ತರುವ ಆಸೆಯಿದ್ದರೆ ಕಾರನ್ನು ಸಂದಿನ ಈಚೆಗೆ, ಮೂತಿ ಇಳಿಜಾರಿನ ಕಡೆಗೆ ತಿರುಗಿಸಿ ಇಡಿ. ಹಾಗೇ ಟ್ರಿಗರ್ ಒತ್ತಿದರೆ ಅದು ಹಿಮ್ಮುಖವಾಗಿ ಮತ್ತೆ ಬೆಟ್ಟವನ್ನೇ ಹತ್ತಲು ನೋಡುತ್ತದೆ, ಏಕೆಂದರೆ ಪ್ಲಸ್ ಮೈನಸ್ ಅದಲುಬದಲಾಗಿರುತ್ತದೆ. ಪ್ಲಸ್ ಮೈನಸ್ ತಿರುಗಿಸಿಕೊಡುವ ಆರು ಕಾಲಿನ ಡಿಪಿಡಿಟಿ ಸ್ವಿಚ್ಚೊಂದನ್ನು ಟ್ರ್ಯಾಕಿಗೆ ಹೋಗುವ ವೈರಿನಲ್ಲಿ ಹಾಕಿದರೆ ಇದು ಸರಿಹೋಗುತ್ತದೆ. ತುದಿಯಲ್ಲಿ ಸುತ್ತು ಹಾಕಿಸಿ ಅದೇ ಹಾದಿಗೆ ಕೂಡಿಸೋಣ ಎಂಬ ಯೋಚನೆ ಬೇಡ. ಎಡದ ಟೇಪು ಬಲದ ಟೇಪಿಗೆ ಬಂದು ಸೇರಿ ಶಾರ್ಟ್ ಆಗುತ್ತದೆ.

ಕಾರಿನ ತಯಾರಿ

ಅಂಗಡಿಯ ಕಾರಿನಡಿ ಸಾಮಾನ್ಯವಾಗಿ ಒಂದು ಅಯಸ್ಕಾಂತ ಇರುತ್ತದೆ. ಕಂಪನಿ ಟ್ರ್ಯಾಕಿನ ಹಳಿಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅದು ಕಾರನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ತೆಗೆದುಬಿಡಿ. ಇನ್ನು ಹಿಡಿತವೆಲ್ಲ ಟೈರು ಮತ್ತು ತೂಕದ್ದು. ಏರಿನಲ್ಲಿ ಭಾರ ಹಿಂದಕ್ಕೆ ಜರುಗಿ ಮೂತಿ ಹಗುರಾಗುತ್ತದೆ. ಗೈಡಿನ ಹಿಂದೆ ಐದರಿಂದ ಹತ್ತು ಗ್ರಾಂ ಸೀಸ (ಮೀನು ಗಾಳದ ಗುಂಡು ಆದೀತು) ಅಂಟಿಸಿದರೆ ಗೈಡ್ ಸೀಳಿನಲ್ಲೇ ಉಳಿಯುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಟೈರಿನ ಧೂಳನ್ನು ಸೆಲ್ಲೋಟೇಪಿನ ಅಂಟಿನ ಮೇಲೆ ಉರುಳಿಸಿ ತೆಗೆಯಬಹುದು. ತಾಮ್ರ ಕಪ್ಪಾದರೆ ಪೆನ್ಸಿಲ್ ರಬ್ಬರು ಸಾಕು.

ರಸ್ತೆಯ ಹೊರ ಅಂಚಿಗೆಲ್ಲ ಎರಡು ಸೆಂಟಿಮೀಟರ್ ಎತ್ತರದ ಫೋಮ್ ಶೀಟ್ ತಡೆ ಬೇಕೇ ಬೇಕು. 40 ಸೆಂಟಿಮೀಟರ್ ಮೇಲಿಂದ ಬಿದ್ದ ಕಾರಿನ ಕನ್ನಡಿ, ಸ್ಪಾಯ್ಲರ್ ಉಳಿಯುವುದಿಲ್ಲ. ಬೆಟ್ಟದ ಮೈ ಥರ್ಮೋಕೋಲ್, ಹಳೇ ಪೇಪರು, ಮೈದಾ ಅಂಟಿನಲ್ಲಿ ಆಗುತ್ತದೆ. ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಜಿರಲೆ ಹತ್ತಿರ ಬರುವುದಿಲ್ಲ, ಆದರೆ ಅದು ವಿಷ, ಜೋಪಾನ. ಜರಡಿ ಹಿಡಿದ ಕೆಮ್ಮಣ್ಣು ಉದುರಿಸಿದರೆ ಮಲೆನಾಡಿನ ಬಣ್ಣ ಬರುತ್ತದೆ. ತಾಮ್ರದ ಮೇಲೆ ಮಣ್ಣು ಬೀಳದಂತೆ ಮೊದಲೇ ಕಾಗದದ ಟೇಪು ಹಚ್ಚಿರಿ.

ಗಡಿಯಾರ

ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಶುರು ಮಾಡಬಹುದು, ಆದರೆ ಐದಾರು ಸೆಕೆಂಡಿನ ಓಟದಲ್ಲಿ ಬೆರಳಿನ ತಡವೇ ಜಗಳಕ್ಕೆ ಕಾರಣವಾಗುತ್ತದೆ. ಇದಕ್ಕೆ ಬೇಕಾದ್ದು ಒಂದು ಆರ್ಡುಯಿನೋ ಬೋರ್ಡು (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್ ಬೋರ್ಡು), ಸೀಳಿನ ತಳದ ತೂತಿನಲ್ಲಿ ಮೇಲ್ಮುಖವಾಗಿ ಕೂರಿಸಿದ ಎರಡು ಫೋಟೋಟ್ರಾನ್ಸಿಸ್ಟರ್, ಅಂದರೆ ಬೆಳಕು ಗುರುತಿಸುವ ಕಣ್ಣು, ಮೇಲೊಂದು ಯುಎಸ್‌ಬಿ ದೀಪ. ಕಾರು ಹಾದಾಗ ಬೀಳುವ ನೆರಳಿನಿಂದ ಸಮಯ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೂ ಸಿಗುತ್ತದೆ. ಮೊದಲ ಕಣ್ಣನ್ನು ನಿಂತ ಕಾರಿನ ಮೂತಿಗಿಂತ ಒಂದು ಗೇಣು ಮುಂದಿಡಿ. ಬ್ರಿಟನ್ನಿನ ಹಿಲ್ ಕ್ಲೈಂಬುಗಳಲ್ಲೂ ಹಸಿರು ದೀಪ ಬಂದಾಗ ಗಡಿಯಾರ ಓಡುವುದಿಲ್ಲ, ಕಾರು ಕಿರಣ ಕಡಿದಾಗ ಓಡುತ್ತದೆ. ಹಸಿರಾದ ಮೇಲೆ ಅವಸರವಿಲ್ಲದೆ ಉಸಿರು ಹಿಡಿದು ಹೊರಡಬಹುದು.

ಆಟದ ನಿಯಮವನ್ನೂ ಅಲ್ಲಿಂದಲೇ ತನ್ನಿ. ಒಬ್ಬೊಬ್ಬರಿಗೆ ಒಂದು ಅಭ್ಯಾಸದ ಓಟ, ಲೆಕ್ಕಕ್ಕೆ ಎರಡು, ಅವೆರಡರಲ್ಲಿ ಒಳ್ಳೆಯದೇ ಫಲಿತಾಂಶ. ಕಾರು ಸೀಳು ಬಿಟ್ಟರೆ ಆ ಓಟಕ್ಕೆ ಸಮಯವಿಲ್ಲ. ಎಲ್ಲರೂ ಒಂದೇ ಕಾರು ಓಡಿಸಿದರೆ ತಕರಾರು ಕಡಿಮೆ.