ಮರಳಿನ ಮೇಲೆ ರಾಯಚೂರಿನ ಯುದ್ಧ

ಫೌಜಿನಿಂದ ಹವಾಲ್ದಾರ್ ಆಗಿ ನಿವೃತ್ತನಾಗಿ ರಾಯಚೂರಿಗೆ ಬಂದೆ. ನಮ್ಮ ಓಣಿಯ ಶಾಲೆಯ ಮೇಷ್ಟ್ರು ಸುಮ್ನೆ ಕೂರಲು ಬಿಡಲಿಲ್ಲ. "1520ರ ಯುದ್ಧ ಹುಡುಗರ ತಲೆಗೆ ಹೋಗವಲ್ದು, ನೀವಾದ್ರೂ ಹೇಳ್ರಿ" ಅಂದರು. ನಮ್ಮೂರ ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಮೇಲೆ ಮಾಡಿದ ಯುದ್ಧ ಅದು. ನನಗೆ ಭಾಷಣ ಬರುವುದಿಲ್ಲ. ಸ್ಯಾಂಡ್ ಮಾಡೆಲ್ ಬರುತ್ತದೆ. ದಾಳಿಗೆ ಮುಂಚೆ ಗುಡ್ಡ, ಹಳ್ಳ, ದಾರಿಯನ್ನು ಮಣ್ಣಿನಲ್ಲಿ ಮಾಡಿ, ಯಾರು ಎಲ್ಲಿ ಅಂತ ಜವಾನರಿಗೆ ತೋರಿಸುವುದು.

ಅಂಗಳದಲ್ಲಿ ಮರಳು ಹರಡಿದೆವು. ಬಟ್ಟೆಗೆ ಹಾಕುವ ನೀಲಿ ಚೆಲ್ಲಿ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಕೋಟೆಗೆ ಒಂದು ಇಟ್ಟಿಗೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದ ಲೆಕ್ಕದಲ್ಲಿ ಕೃಷ್ಣದೇವರಾಯನ ಕಾಲಾಳು 7,03,000, ಕುದುರೆ 32,600, ಆನೆ 551. ಈ ಲೆಕ್ಕ ನನಗೆ ಜಾಸ್ತಿ ಅನಿಸುತ್ತದೆ. ಅಷ್ಟು ಮಂದಿಗೆ ಒಂದು ಹೊತ್ತಿನ ರೊಟ್ಟಿ ಬಡಿಯುವವರು ಯಾರು? ಇರಲಿ. ಸಾವಿರ ಕಾಲಾಳಿಗೆ ಒಂದು ಜೋಳದ ಕಾಳು, ಸಾವಿರ ಕುದುರೆಗೆ ಒಂದು ತೊಗರಿ, ನೂರು ಆನೆಗೆ ಒಂದು ಹುಣಸೆ ಬೀಜ. ಮುಂಚೂಣಿಯ ಕಾಮನಾಯಕನ ಪಾಲಿಗೆ ಮೂವತ್ತು ಜೋಳ, ಒಂದು ತೊಗರಿ ಬಂತು.

ತಪ್ಪು ಮಾಡಿದ್ದು ನಾನೇ. ನೋಡಲು ಚೆಂದ ಅಂತ ಎಲ್ಲವನ್ನೂ ಒಂದೇ ಸಾಲಿಗೆ ಇಟ್ಟೆ. ಇಸ್ಮಾಯಿಲ್ ಆದಿಲ್ ಶಾಹನ ಫಿರಂಗಿ ಅಂತ ಒಬ್ಬ ಹುಡುಗ ಗೋಲಿ ಹೊಡೆದ. ಅರ್ಧ ಸಾಲು ಚೆಲ್ಲಾಪಿಲ್ಲಿ. ಹಿಂದೆ ಯಾರೂ ಇಲ್ಲ! ಆಮೇಲೆ ರಾಯನ ಸ್ವಂತ ಪಡೆಯನ್ನು ಹಿಂದೆ ಸರಿಸಿದೆ. ನಮ್ಮ ಭಾಷೆಯಲ್ಲಿ ರಿಸರ್ವ್. ಅವತ್ತು ನಡೆದದ್ದೂ ಹಾಗೇ ಅಲ್ವಾ? ಫಿರಂಗಿಗಳು ಒಟ್ಟಿಗೆ ಹಾರಿ ಮುಂದಿನವರು ಮುರಿದುಬಿದ್ದರು. ರಾಯ ಹಿಂದಿನ ಪಡೆ ಕಟ್ಟಿಕೊಂಡು ನುಗ್ಗಿದ. ಆದಿಲ್ ಶಾಹ ಕೃಷ್ಣೆ ದಾಟಿ ಬಂದಿದ್ದ. ಬೆನ್ನ ಹಿಂದೆ ಹೊಳೆ. ಓಡಿದವರಲ್ಲಿ ಎಷ್ಟೋ ಜನ ನೀರುಪಾಲಾದರು.

ಎಲ್ಲ ಮುಗಿಯಿತು ಅಂದುಕೊಂಡೆ. ಹಿಂದೆ ನಿಂತ ಹುಡುಗಿ ಕೇಳಿದಳು, "ಅಜ್ಜಾರ, ಮೇ ತಿಂಗಳು, ಇಷ್ಟು ಮಂದಿ ನೀರು ಎಲ್ಲಿ ಕುಡದ್ರು?"

ಫೌಜಿನಲ್ಲಿ ನೀರಿಗಾಗಿ ಒದ್ದಾಡಿದವನು ನಾನು, ನಾನೇ ಮರೆತಿದ್ದೆ. ನೂನಿಜ್ ಅದನ್ನೂ ಬರೆದಿದ್ದಾನೆ. ಬಾಯಾರಿ ಯಾರೂ ಸಾಯಬಾರದು ಅಂತ ಚರ್ಮದ ಚೀಲ ಹೊತ್ತ 12,000 ಜನ ದಾರಿಯುದ್ದಕ್ಕೂ ನಿಲ್ಲುತ್ತಿದ್ದರಂತೆ. ಅವಳ ಕೈಗೇ ಹನ್ನೆರಡು ಕಾಳು ಕೊಟ್ಟೆ. ತುಂಗಭದ್ರೆಯಿಂದ ಕೋಟೆಯವರೆಗೆ ಒಂದೊಂದೇ ಇಟ್ಟಳು.

ಮರುದಿನ ಬೆಳಿಗ್ಗೆ ಹೋದರೆ ಇರುವೆಗಳು ಕಾಮನಾಯಕನ ದಂಡನ್ನು ಹೊತ್ತೊಯ್ಯುತ್ತಿದ್ದವು.