ಕಪ್ ಲೆಕ್ಕವನ್ನು ಗ್ರಾಂಗೆ ತರುವುದು ಹೇಗೆ?

"ಒಂದು ಕಪ್ ಅಂದ್ರೆ ಎಷ್ಟು ಗ್ರಾಂ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಯಾವುದರ ಕಪ್? ಕಪ್ ಅಳೆಯುವುದು ಜಾಗವನ್ನು, ತೂಕವನ್ನಲ್ಲ. 240 ಮಿಲಿ ಹಿಡಿಯುವ ಕಪ್‌ನಲ್ಲಿ ನೀರು 240 ಗ್ರಾಂ ಬರುತ್ತದೆ, ಸಕ್ಕರೆ ಸುಮಾರು 200, ಮೈದಾ 120ರಿಂದ 125, ಬೆಣ್ಣೆ 227ರ ಹತ್ತಿರ, ಜೇನುತುಪ್ಪ 340. ಕೋಕೋ ಪುಡಿ ಮಾತ್ರ 85ರ ಆಸುಪಾಸು. ಕಪ್ ಅದೇ, ತೂಕದಲ್ಲಿ ಮಾತ್ರ ನಾಲ್ಕು ಪಟ್ಟು ವ್ಯತ್ಯಾಸ!

ಇನ್ನೊಂದು ತೊಡಕು ಕಪ್‌ನದ್ದೇ. ಅಮೆರಿಕದ ಕಪ್ ಸುಮಾರು 237 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನದ್ದು 200. ಟೇಬಲ್ ಚಮಚ ಬಹಳ ಕಡೆ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20. ಹಾಗಾಗಿ ರೆಸಿಪಿ ಯಾವ ದೇಶದ್ದು ಅಂತ ಮೊದಲು ನೋಡಿಕೊಳ್ಳಿ.

ನಿಮ್ಮ ಕೈಯಲ್ಲಿರುವ ಕಪ್ ಎಷ್ಟು ಹಿಡಿಯುತ್ತದೆ ಅಂತ ತಿಳಿಯುವುದು ಸುಲಭ. ಖಾಲಿ ಕಪ್ಪನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಮಿಲಿ.

ಈಗ ಎಲ್ಲರೂ ಎಡವುವ ಜಾಗ, ಅಂದರೆ ಹಿಟ್ಟು. ನಾನೂ ಒಮ್ಮೆ ಕಪ್ಪನ್ನು ನೇರವಾಗಿ ಮೈದಾ ಡಬ್ಬಿಗೆ ಅದ್ದಿ, ಡಬ್ಬಿಯ ಗೋಡೆಗೆ ಒತ್ತಿ ತುಂಬಿ, ಹಾಗೇ ಮೂರು ಕಪ್ ಹಾಕಿದ್ದೆ. ಕೇಕ್ ಒಣಗಿ ಗಟ್ಟಿಯಾಯಿತು. ಆಮೇಲೆ ತೂಗಿ ನೋಡಿದರೆ ಒಂದೊಂದು ಕಪ್ 150 ಗ್ರಾಂ ಇತ್ತು, ಬೇಕಿದ್ದದ್ದು 125, ಅಂದರೆ ಒಟ್ಟು 75 ಗ್ರಾಂ ಜಾಸ್ತಿ. ಅರ್ಧ ಕಪ್‌ಗಿಂತ ಹೆಚ್ಚೇ ಆಯ್ತಲ್ವಾ? ಕಪ್‌ನಲ್ಲೇ ಅಳೆಯಬೇಕಿದ್ದರೆ ಹಿಟ್ಟನ್ನು ಮೊದಲು ಸಡಿಲ ಮಾಡಿ, ಚಮಚದಿಂದ ಸುಮ್ನೆ ಉದುರಿಸುತ್ತಾ ತುಂಬಿ, ಕುಟ್ಟಬೇಡಿ, ಅಲ್ಲಾಡಿಸಬೇಡಿ, ಕೊನೆಗೆ ಚಾಕುವಿನ ಬೆನ್ನಿನಿಂದ ಮೇಲ್ಭಾಗ ಸಮ ಮಾಡಿ. ಕಂದು ಸಕ್ಕರೆಗೆ ಮಾತ್ರ ಇದು ಉಲ್ಟಾ, ಅದನ್ನು ಒತ್ತಿಯೇ ತುಂಬುವುದು ವಾಡಿಕೆ.

ಲೆಕ್ಕ ಸರಳ. ಒಂದು ಕಪ್‌ನ ತೂಕವನ್ನು ಕಪ್‌ಗಳ ಸಂಖ್ಯೆಯಿಂದ ಗುಣಿಸಿ. ಮುಕ್ಕಾಲು ಕಪ್ ಸಕ್ಕರೆ ಅಂದರೆ 200ರ ಮುಕ್ಕಾಲು ಭಾಗ, 150 ಗ್ರಾಂ. ಗ್ರಾಂನಿಂದ ಕಪ್‌ಗೆ ಬರಬೇಕಾದರೆ ಭಾಗಿಸಿ: 300 ಗ್ರಾಂ ಮೈದಾ ಅಂದರೆ 125ರಿಂದ ಭಾಗಿಸಿದಾಗ 2.4, ಸುಮಾರು ಎರಡೂವರೆ ಕಪ್‌ಗೆ ಸ್ವಲ್ಪ ಕಡಿಮೆ.

ಔನ್ಸ್ ಕಂಡರೆ ಒಂದು ಕ್ಷಣ ನಿಲ್ಲಿ. ದ್ರವದ ಔನ್ಸ್ ಅಳೆಯುವುದು ಜಾಗವನ್ನು, ಅಮೆರಿಕದ್ದು ಸುಮಾರು 29.6 ಮಿಲಿ. ತೂಕದ ಔನ್ಸ್ 28.35 ಗ್ರಾಂ. ನೀರಿಗೆ ಇವೆರಡೂ ಹತ್ತಿರ ಹತ್ತಿರ ಬರುತ್ತವೆ, ಆದರೆ ಜೇನಿನ ವಿಷಯದಲ್ಲಿ ಒಂದರ ಬದಲು ಇನ್ನೊಂದನ್ನು ಹಿಡಿದರೆ ಲೆಕ್ಕ ಪೂರ್ತಿ ಕೆಡುತ್ತದೆ.

ಜೇನನ್ನು ಕಪ್‌ಗೆ ಹಾಕಲೇಬೇಡಿ ಅನ್ನುವುದು ನನ್ನ ಸಲಹೆ, ಅರ್ಧ ಅಲ್ಲೇ ಅಂಟಿಕೊಳ್ಳುತ್ತದೆ. ಬಟ್ಟಲನ್ನೇ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ನೇರ ಸುರಿಯಿರಿ.

ಉಪ್ಪು, ಯೀಸ್ಟ್, ಬೇಕಿಂಗ್ ಪೌಡರ್‌ಗೆ ಮಾತ್ರ ಚಮಚವೇ ವಾಸಿ. ಮನೆಯ ತಕ್ಕಡಿ ಎರಡು ಮೂರು ಗ್ರಾಂನಲ್ಲಿ ನಿಖರವಾಗಿರುವುದಿಲ್ಲ. ಉಪ್ಪಿನಲ್ಲಿ ಇನ್ನೊಂದು ಎಚ್ಚರ: ಒಂದು ಟೀ ಚಮಚ ಪುಡಿ ಉಪ್ಪು ಸುಮಾರು 6 ಗ್ರಾಂ, ದಪ್ಪ ಹರಳಿನದ್ದು ಅದಕ್ಕಿಂತ ಕಡಿಮೆ ತೂಗುತ್ತದೆ.

ನೀವು ದಿನಾ ಬಳಸುವ ಐದಾರು ಸಾಮಾನನ್ನು ನಿಮ್ಮದೇ ಕಪ್‌ನಲ್ಲಿ ಮೂರು ಮೂರು ಸಲ ತೂಗಿ, ಸರಾಸರಿ ಬರೆದು ಅಡುಗೆಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಳ್ಳಿ. ಹಿಟ್ಟಿನ ಬ್ರ್ಯಾಂಡ್ ಬದಲಾದಾಗ ಆ ಒಂದು ಸಾಲನ್ನು ಮಾತ್ರ ಮತ್ತೆ ತೂಗಿ ತಿದ್ದಿ.