ದಿಲ್ಲಿ ಸುತ್ತುವುದು ಹೇಗೆ? ಕಾರು ಬಿಡಿ, ಗಲ್ಲಿ ಹಿಡಿಯಿರಿ

ಊರಿಂದ ಯಾರೇ ದಿಲ್ಲಿಗೆ ಬರಲಿ, ಮೊದಲ ದಿನ ನಡೆಯುವುದು ಒಂದೇ. ಬೆಳಗ್ಗೆ 8ಕ್ಕೆ ಬಾಡಿಗೆ ಕಾರು ಬರುತ್ತದೆ. ಕೆಂಪು ಕೋಟೆ, ರಾಜಘಾಟ್, ಇಂಡಿಯಾ ಗೇಟ್, ಕುತುಬ್ ಮಿನಾರ್, ಸಂಜೆಗೆ ಅಕ್ಷರಧಾಮ. ರಾತ್ರಿ ಕಾಲು ಒತ್ತಿಕೊಳ್ಳುತ್ತಾ ಕೂತು "ಇಲ್ಲಿ ಟ್ರಾಫಿಕ್ ಬಿಟ್ಟರೆ ಏನೂ ಇಲ್ಲಪ್ಪ" ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. 13 ವರ್ಷದಿಂದ ಇಲ್ಲಿದ್ದೇನೆ, ಬಂದ ನೆಂಟರನ್ನೆಲ್ಲ ಸುತ್ತಿಸಿದ್ದೇನೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಡೆಯಿಂದ ಬಂದವರು ಕಟ್ಟಿಕೊಂಡ ಹತ್ತಾರು ಊರುಗಳು ಸೇರಿ ಈ ದಿಲ್ಲಿ ಆಗಿದೆ. ಯಾವ ಬಡಾವಣೆಗೆ ಹೋದರೂ "ಇಲ್ಲಿಗೆ ಯಾರು ಬಂದರು, ಯಾವಾಗ, ಯಾಕೆ" ಅಂತ ಒಮ್ಮೆ ಕೇಳಿಕೊಳ್ಳಿ. ಅಲ್ಲಿನ ಅಂಗಡಿ, ಊಟ, ಬೋರ್ಡಿನ ಲಿಪಿ ಎಲ್ಲಕ್ಕೂ ಅರ್ಥ ಬರುತ್ತದೆ.

1. ಪಟ್ಟಿ ಹರಿದು ಹಾಕಿ

ಒಂದು ದಿನಕ್ಕೆ ಒಂದು ಬಡಾವಣೆ. ತುಂಬಾ ಆಯಿತೆಂದರೆ ಎರಡು, ಅದೂ ಪಕ್ಕಪಕ್ಕದಲ್ಲಿದ್ದರೆ ಮಾತ್ರ. ನಾಲ್ಕು ದಿನವಿದ್ದರೆ ನನ್ನ ಆಯ್ಕೆ ಇದು: ಹಳೆ ದಿಲ್ಲಿ, ನಿಜಾಮುದ್ದೀನ್, ಮೆಹ್ರೌಲಿ, ಆಮೇಲೆ ನಿರಾಶ್ರಿತರು ಕಟ್ಟಿದ ಯಾವುದಾದರೂ ಕಾಲೊನಿ. "ಒಂದೇ ದಿನದಲ್ಲಿ ದಿಲ್ಲಿ ದರ್ಶನ" ಮಾಡಿಸುವ ಬಸ್ಸುಗಳನ್ನು ಹತ್ತಲೇಬೇಡಿ. ನಾನು ಒಮ್ಮೆ ಅತ್ತೆ ಮಾವನನ್ನು ಅಂಥದ್ದೊಂದರಲ್ಲಿ ಕೂರಿಸಿದ್ದೆ. ಹುಮಾಯೂನ್ ಸಮಾಧಿಗೆ ಅವರಿಗೆ ಸಿಕ್ಕಿದ್ದು 20 ನಿಮಿಷ, ಕರಕುಶಲ ವಸ್ತುಗಳ ಅಂಗಡಿಗೆ ಒಂದು ಗಂಟೆ.

ಕಾಲ ನೋಡಿಕೊಂಡು ಬನ್ನಿ. ಫೆಬ್ರುವರಿಯಿಂದ ಮಾರ್ಚ್ ಮಧ್ಯದವರೆಗೆ ನಡೆಯಲು ಹೇಳಿ ಮಾಡಿಸಿದ ಹವೆ. ನವೆಂಬರಿನಲ್ಲಿ ಹೊಗೆ, ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು, ರೈಲು ವಿಮಾನ ಎಲ್ಲ ತಡ. ಮೇ, ಜೂನ್ ಬಿಸಿಲಲ್ಲಿ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಬರುವ ಮಾತೇ ಬೇಡ.

ರಜೆಯ ದಿನಗಳೂ ಮುಖ್ಯ. ಕೆಂಪು ಕೋಟೆ, ಅಕ್ಷರಧಾಮ ಸೋಮವಾರ ಮುಚ್ಚಿರುತ್ತವೆ. ಲಾಜಪತ್ ನಗರ, ಕರೋಲ್ ಬಾಗ್ ಮಾರುಕಟ್ಟೆಗಳಿಗೂ ಸೋಮವಾರವೇ ರಜೆ. ಚಾಂದನಿ ಚೌಕದ ಅಂಗಡಿಗಳು ಹೆಚ್ಚಾಗಿ ಭಾನುವಾರ ಬಾಗಿಲು ಹಾಕುತ್ತವೆ.

2. ಮೆಟ್ರೊ ಹತ್ತಿರ ಉಳಿಯಿರಿ, ಕಾರ್ಡ್ ಮಾಡಿಸಿಕೊಳ್ಳಿ

ಅಗ್ಗದ ರೂಮು ಅಂತ ಮೆಟ್ರೊ ಇಲ್ಲದ ಮೂಲೆಯಲ್ಲಿ ಉಳಿದರೆ ಉಳಿಸಿದ ದುಡ್ಡು ಆಟೊಗೆ ಹೋಗುತ್ತದೆ. ಸ್ಮಾರ್ಟ್ ಕಾರ್ಡಿಗೆ ಶೇ 10 ರಿಯಾಯಿತಿ ಇದೆ, ಕ್ಯೂ ನಿಲ್ಲುವುದು ತಪ್ಪುತ್ತದೆ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮಾತ್ರ. ಗೊತ್ತಿಲ್ಲದೆ ಹತ್ತಿ ಬೈಸಿಕೊಳ್ಳುವ ಗಂಡಸರನ್ನು ದಿನಾ ನೋಡುತ್ತೇನೆ.

ಇನ್ನೊಂದು ಮಾತು. ರೈಲ್ವೆ ಸ್ಟೇಷನ್ ಹೊರಗೆ ಯಾರಾದರೂ "ನಿಮ್ಮ ಹೋಟೆಲ್ ಬಂದ್ ಆಗಿದೆ", "ಆ ಕಡೆ ರಸ್ತೆ ಬಂದ್, ಗಲಾಟೆ ನಡೀತಿದೆ" ಅಂದರೆ ನಂಬಬೇಡಿ. ನಿಲ್ಲದೆ ನಡೆಯಿರಿ.

3. ಹಳೆ ದಿಲ್ಲಿ: ಇಲ್ಲೇ ಎಲ್ಲರೂ ಸೋಲುವುದು

ಇದನ್ನು ನಿಧಾನವಾಗಿ ಹೇಳುತ್ತೇನೆ. ಮೊದಲ ದಿನವೇ ಹೆದರಿ ವಾಪಸ್ ಬಂದವರು ಬಹಳ ಜನ. ಮಧ್ಯಾಹ್ನ 12ಕ್ಕೆ ಬಂದು ಇಳಿಯುತ್ತಾರೆ, ಸೈಕಲ್ ರಿಕ್ಷಾ ಹತ್ತುತ್ತಾರೆ, ಅವನು ಒಂದು ಮಸಾಲೆ ಅಂಗಡಿಗೆ ಕರೆದೊಯ್ದು ಇಳಿಸುತ್ತಾನೆ, ಜನ, ಧೂಳು, ತಲೆ ಮೇಲೆ ವೈರು, ಮೊಬೈಲಿನಲ್ಲಿ ನೀಲಿ ಚುಕ್ಕೆ ಎತ್ತೆತ್ತಲೋ ಹಾರುತ್ತದೆ, ಅಲ್ಲಿಗೆ ಸಾಕಾಗಿ ಹೋಗುತ್ತದೆ.

ಶಾಹಜಹಾನ್ 1639ರಲ್ಲಿ ಶುರುಮಾಡಿ 1648ರಲ್ಲಿ ಬಂದು ನೆಲೆಸಿದ ಊರು ಇದು. ಹಾಗಾಗಿ ಇದಕ್ಕೊಂದು ನಕ್ಷೆ ಇದೆ, ಗೊಂದಲ ಆಮೇಲೆ ಬಂದಿದ್ದು. ಒಂದು ಕಾಗದ ತೆಗೆದುಕೊಂಡು ಚೌಕ ಬರೆಯಿರಿ. ಮೇಲಿನ ಗೆರೆ ಚಾಂದನಿ ಚೌಕದ ದೊಡ್ಡ ರಸ್ತೆ: ಬಲತುದಿಯಲ್ಲಿ ಕೆಂಪು ಕೋಟೆ, ಎಡತುದಿಯಲ್ಲಿ ಫತೇಪುರಿ ಮಸೀದಿ. ಬಲಗಡೆ ಕೆಳಗಿಳಿಯುವ ಗೆರೆ ದರೀಬಾ ಕಲಾಂ, ಬೆಳ್ಳಿ ಅಂಗಡಿಗಳ ಬೀದಿ. ಅದು ಜಾಮಾ ಮಸೀದಿ ಕಡೆಗೆ ಹೋಗುತ್ತದೆ. ಕೆಳಗಿನ ಗೆರೆ ಜಾಮಾ ಮಸೀದಿಯ ಹಿಂದಿನಿಂದ ಹೊರಡುವ ಚಾವಡಿ ಬಜಾರ್, ಮದುವೆ ಕರೆಯೋಲೆ, ಹಿತ್ತಾಳೆ ಸಾಮಾನು ಸಿಗುವ ಬೀದಿ. ಎಡಗಡೆಯ ಗೆರೆ ನಯೀ ಸಡಕ್, ಪುಸ್ತಕದ ಬೀದಿ, ತಿರುಗಿ ಚಾಂದನಿ ಚೌಕಕ್ಕೇ ಮುಟ್ಟಿಸುತ್ತದೆ. ಈ ಚೌಕದ ಒಳಗೆ ಎಷ್ಟೇ ದಾರಿ ತಪ್ಪಿದರೂ ಹತ್ತು ನಿಮಿಷ ಒಂದೇ ದಿಕ್ಕಿಗೆ ನಡೆದರೆ ನಾಲ್ಕರಲ್ಲಿ ಒಂದು ಗೆರೆಗೆ ಬಂದೇ ಬರುತ್ತೀರಿ. ಇದು ತಲೆಯಲ್ಲಿ ಕೂತರೆ ಅರ್ಧ ಭಯ ಹೋದಂತೆ. ಆಮೇಲೆ ಮೊಬೈಲ್ ಜೇಬಿಗೆ ಹಾಕಿ. ಕಿರಿದಾದ ಗಲ್ಲಿಯಲ್ಲಿ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ, ಜನರನ್ನೇ ಕೇಳಿ. ಅಂಗಡಿ ಹೆಸರು ಕೇಳಬೇಡಿ, ಬೀದಿ ಹೆಸರು ಕೇಳಿ.

ಬೋರ್ಡುಗಳನ್ನು ಓದುವುದು ಕಲಿತರೆ ಇನ್ನೂ ಚೆನ್ನ. "ಕೂಚಾ" ಅಂದರೆ ಒಂದು ಕಸುಬಿನವರೋ ಒಂದು ಸಮುದಾಯದವರೋ ಒಟ್ಟಿಗೆ ಇದ್ದ ಓಣಿ. "ಕಟ್ರಾ" ಅಂದರೆ ಅಂಗಳದ ಸುತ್ತ ಅಂಗಡಿಗಳಿರುವ ಮಾರುಕಟ್ಟೆ. "ಫಾಟಕ್" ಅಂದರೆ ಹೆಬ್ಬಾಗಿಲು. ಕಟ್ರಾಗಳ ಒಳಗೆ ಹೋಗಿ ನೋಡಬಹುದು, ಯಾರೂ ಬೇಡ ಅನ್ನುವುದಿಲ್ಲ. ಕೂಚಾಗಳಲ್ಲಿ ಮನೆಗಳಿರುತ್ತವೆ, ಅಲ್ಲಿ ಮೆತ್ತಗೆ ಮಾತಾಡಿ.

ಈಗ ನಡೆಯುವ ದಾರಿ. ಬೆಳಗ್ಗೆ 7.30ಕ್ಕೆ ಲಾಲ್ ಕಿಲಾ ಮೆಟ್ರೊದಲ್ಲಿ ಇಳಿಯಿರಿ. ಚಾಂದನಿ ಚೌಕ್ ಸ್ಟೇಷನ್ ಬೇಡ, ಅದು ನಿಮ್ಮನ್ನು ಗಲ್ಲಿಯೊಳಗೆ ಬಿಡುತ್ತದೆ, ದಿಕ್ಕು ಮೊದಲೇ ತಪ್ಪುತ್ತದೆ. ಕೋಟೆಗೆ ಬೆನ್ನು ಹಾಕಿ ನೇರ ನಡೆಯಿರಿ. ಬೆಳಗ್ಗೆ ಅಂಗಡಿ ತೆರೆದಿರುವುದಿಲ್ಲ, ಅದೇ ನಮಗೆ ಬೇಕಾಗಿದ್ದು. ತಲೆ ಎತ್ತಿ ಮಹಡಿಗಳನ್ನು ನೋಡಿ: ಕೆತ್ತನೆಯ ಬಾಲ್ಕನಿ, ಮುರಿದ ಕಮಾನು, ಹಳೆ ಕಬ್ಬಿಣದ ಕಟಕಟೆ. 11ರ ನಂತರ ಇವೆಲ್ಲ ಎದುರಿಗಿದ್ದರೂ ಕಣ್ಣಿಗೆ ಬೀಳುವುದಿಲ್ಲ, ಕಾಲು ನೋಡಿಕೊಂಡು ನಡೆಯುವುದೇ ಆಗುತ್ತದೆ. ಆ ಒಂದೂಕಾಲು ಕಿಲೋಮೀಟರಿನಲ್ಲಿ ಜೈನರ ಲಾಲ್ ಮಂದಿರ, ಅದರ ಆವರಣದಲ್ಲೇ ಹಕ್ಕಿಗಳ ಆಸ್ಪತ್ರೆ, ಗೌರಿಶಂಕರ ದೇವಸ್ಥಾನ, ಗುರು ತೇಗ್ ಬಹಾದೂರರು 1675ರಲ್ಲಿ ಹುತಾತ್ಮರಾದ ಜಾಗದ ಶೀಶ್‌ಗಂಜ್ ಗುರುದ್ವಾರ, ಸುನೆಹ್ರಿ ಮಸೀದಿ, ಕೊನೆಗೆ 1650ರ ಫತೇಪುರಿ ಮಸೀದಿ, ಎಲ್ಲ ಒಂದೇ ಸಾಲಿನಲ್ಲಿವೆ. ಗುರುದ್ವಾರದೊಳಗೆ ಹೋಗಿ ಕೂರಿ, ತಲೆಗೆ ಬಟ್ಟೆ ಅಲ್ಲೇ ಕೊಡುತ್ತಾರೆ. ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಬಿಟ್ಟಿ ಊಟ ಹಾಕುವ ಪಂಕ್ತಿಯಲ್ಲಿ, ಊಟ ಮಾಡಿದರೆ ಪಾತ್ರೆ ತೊಳೆಯಲು ಒಂದು ಕೈ ಕೊಡಿ.

ಫತೇಪುರಿ ದಾಟಿದರೆ ಖಾರಿ ಬಾವ್ಲಿ, ದೊಡ್ಡ ಸಗಟು ಮಸಾಲೆ ಪೇಟೆ. ಖಾರಿ ಅಂದರೆ ಉಪ್ಪು, ಬಾವ್ಲಿ ಅಂದರೆ ಮೆಟ್ಟಿಲು ಬಾವಿ. ಬಾವಿ ಈಗಿಲ್ಲ, ಹೆಸರು ಉಳಿದಿದೆ. ಗಡೋಡಿಯಾ ಮಾರ್ಕೆಟ್ ಒಳಗೆ ಕಾಲಿಟ್ಟ ಕೂಡಲೇ ಮೆಣಸಿನಕಾಯಿ ಘಾಟಿಗೆ ಕೆಮ್ಮು ಬರುತ್ತದೆ, ಕರವಸ್ತ್ರ ಕೈಯಲ್ಲಿರಲಿ. ಇಲ್ಲಿ ಏಲಕ್ಕಿ, ಕಾಳುಮೆಣಸು ಕೊಳ್ಳಬೇಡಿ, ಅದಕ್ಕೆ ನಮ್ಮ ಮಲೆನಾಡೇ ಇದೆಯಲ್ವಾ. ಅಂಜೂರ, ಬಾದಾಮಿ, ಒಣದ್ರಾಕ್ಷಿ ಕೊಳ್ಳಿ. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಗ್ಗಕ್ಕೆ ಕೊಡುವ ಕೇಸರಿಯನ್ನಂತೂ ಮುಟ್ಟಬೇಡಿ. ನಮ್ಮ ಅಕ್ಕ ತಂದಿದ್ದನ್ನು ನೀರಿಗೆ ಹಾಕಿದೆವು, ಒಂದೇ ನಿಮಿಷಕ್ಕೆ ನೀರು ಕೆಂಪಾಯಿತು, ಎಳೆ ಬಿಳಿಯಾಯಿತು. ಒಳ್ಳೆಯ ಕೇಸರಿ ನಿಧಾನಕ್ಕೆ ಹಳದಿ ಬಿಡುತ್ತದೆ, ಎಳೆ ಕೆಂಪಾಗಿಯೇ ಇರುತ್ತದೆ.

ಅಲ್ಲಿಂದ ಹಿಂದಕ್ಕೆ ತಿರುಗಿ. ಬಲ್ಲೀಮಾರಾನ್ ಬೀದಿಗೆ ಹೊರಳಿದರೆ ಗಲಿ ಕಾಸಿಮ್ ಜಾನ್‌ನಲ್ಲಿ ಮಿರ್ಜಾ ಗಾಲಿಬ್ ಇದ್ದ ಹವೇಲಿ ಸಿಗುತ್ತದೆ. ಚಿಕ್ಕದು, ಹತ್ತು ನಿಮಿಷ ಸಾಕು. ಆಮೇಲೆ ನಯೀ ಸಡಕ್‌ಗೆ ಬಂದು, ಮಾಲಿವಾಡಾ ಮೂಲಕ ಚೌಕದ ಹೊಟ್ಟೆಯೊಳಗೆ ನುಗ್ಗಿ. ಮುಂದೆ ಕಿನಾರಿ ಬಜಾರ್, ಜರಿ, ಲೇಸು, ಮದುವೆ ಹಾರಗಳ ಗಲ್ಲಿ. ಅದರ ಪಕ್ಕಕ್ಕೆ ಬಾಗಿಲಿನಂಥ ಒಂದು ಸಂದು ಇದೆ, ಹೆಸರು ನೌಘರಾ, ಅಂದರೆ ಒಂಬತ್ತು ಮನೆ. ಜೈನ ಕುಟುಂಬಗಳ ಬಣ್ಣ ಬಳಿದ ಮನೆಗಳು, ಕೊನೆಯಲ್ಲಿ ಅಮೃತಶಿಲೆಯ ಬಸದಿ. ಹೊರಗೆ ಅಷ್ಟು ಗದ್ದಲ, ಒಳಗೆ ಹಕ್ಕಿ ಸದ್ದು. ನನಗೆ ಇಡೀ ದಿಲ್ಲಿಯಲ್ಲಿ ತುಂಬಾ ಇಷ್ಟದ ಜಾಗ ಇದು. ಎಷ್ಟೋ ಜನ ಆ ಸಂದಿನ ಮುಂದೆಯೇ ಹಾದುಹೋಗುತ್ತಾರೆ, ಒಳಗೆ ಬರುವುದಿಲ್ಲ.

ಗಲ್ಲಿಯಲ್ಲಿ ನಡೆಯುವುದಕ್ಕೂ ಒಂದು ಕ್ರಮವಿದೆ. ಹಿಂದಿನಿಂದ "ಬಚ್‌ಕೇ!" ಅಂತ ಕೂಗು ಬಂದರೆ ತಿರುಗಿ ನೋಡುತ್ತಾ ನಿಲ್ಲಬೇಡಿ, ಮೊದಲು ಗೋಡೆಗೆ ಒತ್ತಿಕೊಳ್ಳಿ. ಬೆನ್ನ ಮೇಲೆ ಮೂಟೆ ಹೊತ್ತವನಿಗೆ ಬ್ರೇಕ್ ಇಲ್ಲ. ಫೋಟೊ ತೆಗೆಯಬೇಕಾದರೆ ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲಿ. ಬ್ಯಾಗ್ ಎದೆಯ ಮುಂದೆ ಇರಲಿ. ಮುಖ್ಯ ರಸ್ತೆಯಲ್ಲಿ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡುವುದಿಲ್ಲ, ಆದರೆ ಒಳಗಿನ ಗಲ್ಲಿಗಳಲ್ಲಿ ಸ್ಕೂಟರ್ ಎಲ್ಲಿಂದ ಬೇಕಾದರೂ ಬರುತ್ತದೆ.

ದರೀಬಾ ಮುಗಿಸಿ ಜಾಮಾ ಮಸೀದಿ. 1656ರಲ್ಲಿ ಮುಗಿದ ಕಟ್ಟಡ, ಅಂಗಳವೊಂದರಲ್ಲೇ ಸುಮಾರು 25,000 ಜನ ಹಿಡಿಯುತ್ತಾರೆ. ನಮಾಜಿನ ಹೊತ್ತು ಬಿಟ್ಟು ಹೋಗಿ, ಶುಕ್ರವಾರ ಮಧ್ಯಾಹ್ನ ಬೇಡವೇ ಬೇಡ. ಅಂಗಳದ ಕಲ್ಲು ಕಾಯುತ್ತದೆ, ಕಾಲುಚೀಲ ಹಾಕಿಕೊಂಡಿರಿ. ಹಿಂದಿರುಗಲು ಚಾವಡಿ ಬಜಾರ್ ಮೆಟ್ರೊ.

ತಿನ್ನುವುದರ ಬಗ್ಗೆ ಒಂದೇ ಮಾತು: ಚಳಿಗಾಲದಲ್ಲಿ ಬಂದರೆ ದೌಲತ್ ಕಿ ಚಾಟ್ ಹುಡುಕಿ. ಹಾಲಿನ ನೊರೆಯ ಸಿಹಿ ಅದು, ಬಾಯಿಗೆ ಇಟ್ಟರೆ ಗಾಳಿಯಂತೆ ಕರಗುತ್ತದೆ, ಬಿಸಿಲು ಕಾಲದಲ್ಲಿ ನೊರೆ ನಿಲ್ಲದ ಕಾರಣ ಸಿಗುವುದಿಲ್ಲ. ಮೊದಲ ಮೂರು ದಿನ ಇಡ್ಲಿ ದೋಸೆ ಹುಡುಕಬೇಡಿ. ದಕ್ಷಿಣದವರು ಹಿಂದಿನಿಂದಲೂ ನೆಲೆಸಿದ ಕರೋಲ್ ಬಾಗ್ ಎಲ್ಲೂ ಓಡಿಹೋಗುವುದಿಲ್ಲ, ನಾಲ್ಕನೇ ದಿನ ಹೋಗಿ.

4. ನಿಜಾಮುದ್ದೀನ್ ಬಸ್ತಿ, ಗುರುವಾರ ಸಂಜೆ

ಮಧ್ಯಾಹ್ನ 3ಕ್ಕೆ ಹುಮಾಯೂನ್ ಸಮಾಧಿ, ಪಕ್ಕದ ಸುಂದರ್ ನರ್ಸರಿಯಲ್ಲಿ ಸ್ವಲ್ಪ ಕೂರುವುದು, ಸಂಜೆ ಮಥುರಾ ರಸ್ತೆ ದಾಟಿ ಬಸ್ತಿ, ಅಂದರೆ ದರ್ಗಾದ ಸುತ್ತಲಿನ ಕೇರಿ. ಸೂಫಿ ಸಂತ ನಿಜಾಮುದ್ದೀನ್ ಔಲಿಯಾ ಮತ್ತು ಅವರ ಶಿಷ್ಯ ಕವಿ ಅಮೀರ್ ಖುಸ್ರೊ ಇಬ್ಬರೂ 1325ರಲ್ಲೇ ತೀರಿಕೊಂಡವರು, ಒಂದೇ ಅಂಗಳದಲ್ಲಿ ಇದ್ದಾರೆ. ಮೊದಲು ಖುಸ್ರೊ ಸಮಾಧಿಗೆ ಹೋಗಿ ಆಮೇಲೆ ಗುರುವಿನ ಬಳಿ ಹೋಗುವುದು ಅಲ್ಲಿನ ವಾಡಿಕೆ. ಗುರುವಾರ ಸಂಜೆ ಕವ್ವಾಲಿ ಇರುತ್ತದೆ, ಬೇಗ ಹೋಗಿ ನೆಲದ ಮೇಲೆ ಜಾಗ ಹಿಡಿಯಿರಿ. ಹೂವು, ಚಾದರ ಕೊಳ್ಳಲೇಬೇಕು ಅಂತಿಲ್ಲ. ಪ್ರಾರ್ಥನೆ ಮಾಡುವವರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ.

5. ಮೆಹ್ರೌಲಿ

72.5 ಮೀಟರ್ ಎತ್ತರದ ಕುತುಬ್ ಮಿನಾರ್ ಮುಂದೆ ಫೋಟೊ ತೆಗೆದು ಎಲ್ಲರೂ ಕಾರು ಹತ್ತುತ್ತಾರೆ. ನಡೆದು ಹೋಗುವಷ್ಟು ದೂರದಲ್ಲೇ ಮೆಹ್ರೌಲಿ ಪುರಾತತ್ವ ಉದ್ಯಾನವಿದೆ, ಟಿಕೆಟ್ಟೇ ಇಲ್ಲ. ಜಮಾಲಿ ಕಮಾಲಿ ಮಸೀದಿ, ಬಲ್ಬನ್ ಸಮಾಧಿ, ಲೋದಿ ಕಾಲದ ರಾಜೋಂ ಕಿ ಬಾವ್ಲಿ. ಬೆಳಗ್ಗೆ ಹೋಗಿ, ಗಟ್ಟಿ ಶೂ ಹಾಕಿ, ಕತ್ತಲಾಗುವವರೆಗೆ ಇರಬೇಡಿ.

6. ನೆಲೆ ಕಳೆದುಕೊಂಡವರು ಕಟ್ಟಿದ ದಿಲ್ಲಿ

ಇಂದಿನ ದಿಲ್ಲಿ ಅರ್ಥವಾಗಬೇಕಾದರೆ ಇದನ್ನು ಬಿಡಬೇಡಿ. 1911ರಲ್ಲಿ ರಾಜಧಾನಿ ಇಲ್ಲಿಗೆ ಅಂತ ಘೋಷಣೆಯಾಗಿ, 1931ರಲ್ಲಿ ಹೊಸ ದಿಲ್ಲಿ ಉದ್ಘಾಟನೆಯಾಯಿತು. ಅಗಲ ರಸ್ತೆ, ಬಂಗಲೆ, ಮರ, ಎಲ್ಲ ಅಧಿಕಾರಿಗಳಿಗಾಗಿ. 16 ವರ್ಷ ಕಳೆಯುವಷ್ಟರಲ್ಲಿ ದೇಶ ಒಡೆಯಿತು, ಪಂಜಾಬ್, ಸಿಂಧ್ ಕಡೆಯಿಂದ ಲಕ್ಷಾಂತರ ಜನ ಬರಿಗೈಲಿ ಬಂದಿಳಿದರು. ಲಾಜಪತ್ ನಗರ, ರಾಜೇಂದ್ರ ನಗರ, ಪಟೇಲ್ ನಗರ ಆಗ ಹುಟ್ಟಿದವು. ಇವತ್ತು ದುಬಾರಿ ಅಂಗಡಿಗಳಿಗೆ ಹೆಸರಾದ ಖಾನ್ ಮಾರ್ಕೆಟ್ ಕೂಡ 1951ರಲ್ಲಿ ನಿರಾಶ್ರಿತರಿಗೆ ಜೀವನೋಪಾಯಕ್ಕೆಂದು ಶುರುವಾದದ್ದು.

ಒಂದೇ ಕಾಲೊನಿಗೆ ಸಮಯವಿದ್ದರೆ ಲಾಜಪತ್ ನಗರಕ್ಕೆ ಹೋಗಿ. ಪಂಜಾಬಿ ನಿರಾಶ್ರಿತರ ಈ ಬಡಾವಣೆಗೆ ಆಮೇಲೆ ಅಫ್ಗಾನಿಸ್ತಾನದಿಂದ ಬಂದವರು ಸೇರಿಕೊಂಡರು. ಪರ್ಷಿಯನ್ ಲಿಪಿಯ ಬೋರ್ಡುಗಳು, ತಂದೂರಿನಿಂದ ತೆಗೆದ ಮೊಳದುದ್ದದ ನಾನ್. ಒಂದು ನಾನ್ ಕೊಂಡು ಬಿಸಿ ಇರುವಾಗಲೇ ಹರಿದು ತಿನ್ನಿ.

ಬಂಗಾಳಿಗಳ ಚಿತ್ತರಂಜನ್ ಪಾರ್ಕ್ ಮೊದಲು ಪೂರ್ವ ಪಾಕಿಸ್ತಾನದಿಂದ ಬಂದವರಿಗಾಗಿ ಕೊಟ್ಟ ಜಾಗ. ಸಂಜೆ 1ನೇ ನಂಬರ್ ಮಾರ್ಕೆಟ್‌ಗೆ ಹೋಗಿ, ಝಾಲ್‌ಮುಡಿ ತಿನ್ನುತ್ತಾ ನಿಂತರೆ ಕೋಲ್ಕತ್ತಾದಲ್ಲಿ ಇದ್ದಂತೆ ಅನಿಸುತ್ತದೆ. ಉತ್ತರಕ್ಕೆ, ಯಮುನೆಯ ದಡದ ಹತ್ತಿರ ಮಜ್ನೂ ಕಾ ಟೀಲಾ ಇದೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರ ನೆಲೆ. ಬೈಲಕುಪ್ಪೆ ನೋಡಿದವರಿಗೆ ಅಲ್ಲಿನ ವಿಶಾಲ ಹೊಲಗಳೂ ಇಲ್ಲಿನ ಎರಡು ಮೊಳದ ಗಲ್ಲಿಗಳೂ ಎಷ್ಟು ಬೇರೆ ಅಂತ ತಟ್ಟನೆ ಗೊತ್ತಾಗುತ್ತದೆ. ವಿಧಾನಸಭಾ ಮೆಟ್ರೊದಲ್ಲಿ ಇಳಿದು ಇ-ರಿಕ್ಷಾ ಹಿಡಿಯಿರಿ. ಮಂದಿರದ ಮುಂದಿನ ಪುಟ್ಟ ಬಯಲಿನಲ್ಲಿ ಅಜ್ಜಿಯರು ಮಣಿ ಎಣಿಸುತ್ತಾ ಕೂತಿರುತ್ತಾರೆ. ಫೋಟೊಗೆ ಮೊದಲು ಕೇಳಿ, ಬೇಡ ಅಂದರೆ ನಮಸ್ಕಾರ ಹೇಳಿ ಬನ್ನಿ.

ಇನ್ನೂ ಅರ್ಧ ದಿನ ಮಿಕ್ಕಿದರೆ ಲೋದಿ ಕಾಲೊನಿ, ಸರ್ಕಾರಿ ಕ್ವಾರ್ಟರ್ಸ್ ಗೋಡೆಗಳ ಮೇಲಿನ ದೊಡ್ಡ ಚಿತ್ರಗಳಿಗಾಗಿ.

7. ಹೊರಡುವ ದಿನ

ಏರ್‌ಪೋರ್ಟ್‌ಗೆ ಹೋಗುವ ಮೆಟ್ರೊದ ನವದೆಹಲಿ ಮತ್ತು ಶಿವಾಜಿ ಸ್ಟೇಡಿಯಂ ಸ್ಟೇಷನ್‌ಗಳಲ್ಲಿ ಕೆಲವು ವಿಮಾನ ಕಂಪನಿಗಳ ಪ್ರಯಾಣಿಕರು ಚೆಕ್-ಇನ್ ಮಾಡಿ ಲಗೇಜು ಅಲ್ಲೇ ಕೊಡಬಹುದು. ನಿಮ್ಮ ವಿಮಾನಕ್ಕೆ ಆ ಸೌಕರ್ಯ ಇದೆಯೇ, ಎಷ್ಟು ಗಂಟೆ ಮೊದಲು ಕೊಡಬೇಕು ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಶಿವಾಜಿ ಸ್ಟೇಡಿಯಂನಲ್ಲಿ ಚೀಲ ಕೊಟ್ಟರೆ ಕನಾಟ್ ಪ್ಲೇಸ್ ಪಕ್ಕದಲ್ಲೇ ಇದೆ. ಕೈ ಬೀಸಿಕೊಂಡು ಆ ಬಿಳಿ ಕಂಬಗಳ ಸುತ್ತ ಒಂದು ಸುತ್ತು ಹಾಕಿ, ಅಗ್ರಸೇನ್ ಕಿ ಬಾವ್ಲಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಸುಮ್ನೆ ಕೂತು, ಆಮೇಲೆ ರೈಲು ಹತ್ತಿ.